ಬಾಗಿಲು ಹಾಕಿದರೆ ಕಾಲೇಜು

ಬಿ.ಕಾಂ.ಗೆ ಸೇರಿದ್ದೇನೆ ಎಂದಾಗ ನಮ್ಮ ಅತ್ತೆ ಶುಲ್ಕ ಎಷ್ಟೆಂದು ಕೇಳಲಿಲ್ಲ, ಈ ವಯಸ್ಸಿನಲ್ಲಿ ಯಾಕೆಂದೂ ಕೇಳಲಿಲ್ಲ. ‘ಎಷ್ಟು ಗಂಟೆಯ ಬಸ್ಸಿಗೆ ಹೋಗುತ್ತೀಯ?’ ಎಂದರು. ಬಸ್ಸಿಲ್ಲ, ಆನ್‌ಲೈನ್ ಕಾಲೇಜು, ಮನೆಯಲ್ಲೇ ಕೂತು ಓದುವುದು ಎಂದೆ. ‘ಹಾಗಾದರೆ ಮನೆಯಲ್ಲೇ ಇರುತ್ತೀಯಲ್ಲ, ಸರಿ ಬಿಡು’ ಎಂದು ನೆಮ್ಮದಿಯಾಗಿ ಸೊಪ್ಪು ಸೋಸಲು ಕೂತರು. ನನ್ನ ಮೊದಲ ಸೆಮಿಸ್ಟರಿನ ತೊಂದರೆಯೆಲ್ಲ ಆ ನೆಮ್ಮದಿಯಲ್ಲೇ ಅಡಗಿತ್ತು.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ, ರೇಷ್ಮೆ ನಂಬಿದ ಮನೆ. ದ್ವಿತೀಯ ಪಿಯುಸಿ ಮುಗಿದ ಬೇಸಿಗೆಯಲ್ಲೇ ಮದುವೆಯಾಯಿತು, ಪದವಿ ಅಲ್ಲಿಗೇ ನಿಂತಿತು. ಹಿರಿಯ ಮಗಳು ಒಂಬತ್ತನೆಯ ತರಗತಿಗೆ ಬಂದು, ಅವಳ ಶಾಲೆಯ ಕೆಲಸಕ್ಕೆಂದು ಹಳೆಯ ಲ್ಯಾಪ್‌ಟಾಪ್ ಒಂದು ಮನೆಗೆ ಬಂದ ಮೇಲೆ ನಿಂತದ್ದು ಮತ್ತೆ ಅಲ್ಲಾಡಿತು.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಓದಿನ ಮಾತು ಬಂದರೆ ಹಿರಿಯರ ಬಾಯಲ್ಲಿ ಎರಡು ಹೆಸರು ಸಿದ್ಧವಾಗಿರುತ್ತವೆ. ಒಂದು, ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಇನ್ನೊಂದು, ಗೌರಿಬಿದನೂರಿನ ಬಳಿಯ ಹೊಸೂರಿನ ಎಚ್. ನರಸಿಂಹಯ್ಯನವರು. 1935ರಲ್ಲಿ ಹೈಸ್ಕೂಲು ಓದಲೆಂದು ಬೆಂಗಳೂರಿಗೆ ನಡೆದೇ ಹೋದವರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು. ಆ ನಡಿಗೆಯ ಕತೆಯನ್ನು ನಮ್ಮ ಮಾವ ನನಗೆ ಮತ್ತೆ ಮತ್ತೆ ಹೇಳಿದ್ದಾರೆ. ಕೇಳಿದಾಗಲೆಲ್ಲ ನನಗೆ ಒಂದೇ ಯೋಚನೆ ಬರುತ್ತಿತ್ತು: ಆ ಹುಡುಗ ಹೊರಟದ್ದನ್ನು ಊರು ಕಂಡಿತ್ತು. ಗಂಟು ಕಟ್ಟಿಕೊಂಡು ದಾರಿ ಹಿಡಿದವನನ್ನು ಓದಲು ಹೋದ ಎಂದು ಯಾರಾದರೂ ಒಪ್ಪುತ್ತಾರೆ. ನಾನು ಎಲ್ಲಿಗೂ ಹೋಗುವುದಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತವಳು ಧಾರಾವಾಹಿ ನೋಡುತ್ತಿದ್ದಾಳೋ ಲೆಕ್ಕಶಾಸ್ತ್ರ ಕೇಳುತ್ತಿದ್ದಾಳೋ ನೋಡುವವರಿಗೆ ಹೇಗೆ ಗೊತ್ತಾಗಬೇಕು? ಪಾಠದ ನಡುವೆ ಗ್ಯಾಸ್ ಸಿಲಿಂಡರಿನವನು ಬಂದ, ಎದುರು ಮನೆಯವರು ಮೊಸರಿಗೆ ಹೆಪ್ಪು ಕೇಳಲು ಬಂದರು, ಚಿಕ್ಕವನು ಚೆಂಡು ಹುಡುಕಿಕೊಡು ಎಂದು ಬಂದ. ಯಾರದ್ದೂ ತಪ್ಪಿಲ್ಲ. ಮನೆಯಲ್ಲೇ ಇದ್ದೇನಲ್ಲ!

ಭಾವನವರ ಅನುಮಾನ ಬೇರೆಯ ಥರದ್ದು. ‘ಇದಕ್ಕೆ ಬೆಲೆ ಇದೆಯೇ, ನಾಳೆ ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕಿದರೆ ಒಪ್ಪುತ್ತಾರೆಯೇ?’ ಎಂದರು. ಅದಕ್ಕೆ ನಾನು ಮೊದಲೇ ಸಿದ್ಧಳಾಗಿದ್ದೆ. ಮಾನ್ಯತೆ ಪಡೆದ ಸಂಸ್ಥೆಗಳ ಆನ್‌ಲೈನ್ ಮತ್ತು ದೂರಶಿಕ್ಷಣದ ಪದವಿಗಳು ತರಗತಿಯಲ್ಲಿ ಕೂತು ಪಡೆದ ಪದವಿಗೆ ಸಮ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸೂಚನೆಯನ್ನು ಪ್ರಿಂಟ್ ಹಾಕಿಸಿ ಇಟ್ಟುಕೊಂಡಿದ್ದೆ. ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ವಿಶ್ವವಿದ್ಯಾಲಯದ ಹೆಸರು ಮಾತ್ರವಲ್ಲ, ನಾನು ಸೇರುವ ಕೋರ್ಸಿನ ಹೆಸರೂ ಆ ವರ್ಷದ ಪಟ್ಟಿಯಲ್ಲಿದೆಯೇ ಎಂದು ನೋಡಿಯೇ ಹಣ ಕಟ್ಟಿದ್ದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಜಾಹೀರಾತಿನಲ್ಲಿ ನಗುವ ಹುಡುಗಿಯ ಚಿತ್ರ ಎಲ್ಲ ಸಂಸ್ಥೆಗಳಿಗೂ ಇರುತ್ತದೆ, ಪಟ್ಟಿಯಲ್ಲಿ ಹೆಸರು ಎಲ್ಲರದ್ದೂ ಇರುವುದಿಲ್ಲ. ಭಾವನವರು ಕಾಗದವನ್ನು ಎರಡು ಸಲ ಓದಿ ಮಡಚಿಕೊಟ್ಟರು. ಮತ್ತೆ ಆ ಮಾತು ಎತ್ತಲಿಲ್ಲ.

ಅತ್ತೆಯ ನೆಮ್ಮದಿಗೆ ಮಾತ್ರ ಯಾವ ಸುತ್ತೋಲೆಯೂ ಇರಲಿಲ್ಲ. ಹಾಗಾಗಿ ನಾನೇ ಒಂದು ಉಪಾಯ ಹೂಡಿದೆ. ಹುಳು ಮನೆಯ ಪಕ್ಕದಲ್ಲಿ, ಮೊದಲು ರಾಗಿ ಮೂಟೆ ಇಡುತ್ತಿದ್ದ ಸಣ್ಣ ಕೋಣೆಯನ್ನು ಗುಡಿಸಿ ಮೇಜು ಹಾಕಿದೆ. ಹುಳುಗಳಿಗೆ ಬೆಳಗಿನ ಹಿಪ್ಪುನೇರಳೆ ಸೊಪ್ಪು ಹಾಕಿ, ತಿಂಡಿ ಮುಗಿಸಿ, ಹೊರಗೆ ಹೋಗುವಾಗ ಉಡುವ ಸೀರೆ ಉಟ್ಟು, ತಲೆ ಬಾಚಿ, ‘ಕಾಲೇಜಿಗೆ ಹೋಗಿ ಬರುತ್ತೇನೆ’ ಎಂದು ಅಂಗಳ ದಾಟಿ ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಮೊದಲ ವಾರ ಮಕ್ಕಳು ಬಿದ್ದು ಬಿದ್ದು ನಕ್ಕರು. ನನ್ನ ಗಂಡ ನಗಲೂ ಇಲ್ಲ, ಏನೂ ಹೇಳಲೂ ಇಲ್ಲ, ಬಾಗಿಲಿಗೆ ಒಳಚಿಲಕ ಹಾಕಿಸಿಕೊಟ್ಟರು. ಕೆಲವು ವಾರ ಕಳೆದ ಮೇಲೆ ಯಾರೋ ಬಂದು ನನ್ನನ್ನು ಕೇಳಿದಾಗ ಅತ್ತೆಯೇ ಜಗಲಿಯಿಂದ ‘ಅವಳು ಕಾಲೇಜಿಗೆ ಹೋಗಿದ್ದಾಳೆ, ಹನ್ನೊಂದೂವರೆಗೆ ಬರುತ್ತಾಳೆ’ ಎಂದದ್ದು ನನಗೆ ಕೇಳಿಸಿತು. ಆ ಹೊತ್ತಿಗೆ ನಾನು ಅವರಿಂದ ಹದಿನೈದು ಅಡಿ ದೂರದಲ್ಲಿ ಸವಕಳಿಯ ಲೆಕ್ಕ ಬಿಡಿಸುತ್ತಿದ್ದೆ.

ಸವಕಳಿ ಎಂದರೆ ವಸ್ತುವನ್ನು ಬಳಸುತ್ತ ಹೋದಂತೆ ಅದರ ಬೆಲೆ ಇಳಿಯುವ ಲೆಕ್ಕ. ಅದರ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಓದುವುದು ಹೇಗೆಂದು ನಾನು ಕಲಿತದ್ದೇ ಅದರ ಮೂಲಕ. ವಿಡಿಯೊ ಪಾಠಕ್ಕೆ ಒಂದು ಮಾಯೆಯಿದೆ. ಮೇಷ್ಟ್ರು ಸೊಗಸಾಗಿ ಹೇಳುತ್ತಿದ್ದರೆ ಎಲ್ಲವೂ ಅರ್ಥವಾದಂತೆಯೇ ಇರುತ್ತದೆ, ನಿಲ್ಲಿಸಿದರೆ ಒಂದು ಸಾಲೂ ಕೈಗೆ ಬರುವುದಿಲ್ಲ. ಹಾಗಾಗಿ ಹತ್ತು ನಿಮಿಷ ಕೇಳುವುದು, ಲ್ಯಾಪ್‌ಟಾಪ್ ಮುಚ್ಚುವುದು, ಕೇಳಿದ್ದನ್ನು ನೋಡದೆ ಬರೆಯುವುದು ಎಂದು ನಿಯಮ ಮಾಡಿಕೊಂಡೆ. ಬರೆಯಲು ಬಾರದ ಜಾಗವೇ ನನಗೆ ಗೊತ್ತಿಲ್ಲದ ಜಾಗ. ಉದಾಹರಣೆಗಳನ್ನೂ ಮನೆಯಿಂದಲೇ ತಂದೆ. ಪುಸ್ತಕದಲ್ಲಿ ಯಾವುದೋ ಕಂಪನಿಯ ಯಂತ್ರವಿದ್ದರೆ ನನ್ನ ಪುಸ್ತಕದಲ್ಲಿ ಹುಳು ಗೂಡು ಕಟ್ಟುವ ಪ್ಲಾಸ್ಟಿಕ್ ನೇತ್ರಿಕೆ. 20,000 ರೂಪಾಯಿಯ ನೇತ್ರಿಕೆಗೆ ಶೇಕಡ 10ರಂತೆ ಸವಕಳಿ ಎಂದರೆ, ಸಮಾನ ಕಂತಿನ ವಿಧಾನದಲ್ಲಿ ವರ್ಷವರ್ಷವೂ 2,000. ಇಳಿಕೆ ಮೌಲ್ಯದ ವಿಧಾನದಲ್ಲಿ ಮೊದಲ ವರ್ಷ 2,000, ಎರಡನೆಯ ವರ್ಷ ಉಳಿದ 18,000ದ ಮೇಲೆ 1,800, ಆಮೇಲೆ 1,620. ನನ್ನ ಗಂಡ ಅದನ್ನು ನೋಡಿ, ‘ಇಲಿ ಕಡಿದರೆ ಯಾವ ವಿಧಾನ?’ ಎಂದರು. ಆ ಪ್ರಶ್ನೆಯನ್ನು ನಾನು ಕೋರ್ಸಿನ ಚರ್ಚಾ ವಿಭಾಗದಲ್ಲಿ ಕೇಳಿದೆ, ಕನ್ನಡದಲ್ಲೇ. ಅಲ್ಲಿ ನಾನು ಬರೆದ ಮೊದಲ ಪ್ರಶ್ನೆ ಅದು. ಇಂಗ್ಲಿಷಿನಲ್ಲಿ ಕೇಳಬೇಕೇನೋ ಎಂದು ಅಲ್ಲಿಯವರೆಗೆ ಸುಮ್ಮನಿದ್ದೆ. ಅದು ಸವಕಳಿಯಲ್ಲ, ಅನಿರೀಕ್ಷಿತ ನಷ್ಟ, ಬೇರೆಯಾಗಿಯೇ ತೋರಿಸಬೇಕು ಎಂದು ಮೇಡಂ ಮರುದಿನ ಉತ್ತರಿಸಿದರು. ಅದರ ಕೆಳಗೆ ಮತ್ತೆ ಹಲವರು ಕನ್ನಡದಲ್ಲಿ ಕೇಳತೊಡಗಿದರು. ಒಬ್ಬರು ಹಾವೇರಿಯವರು, ಮೆಣಸಿನಕಾಯಿಯ ಲೆಕ್ಕ.

ಆನ್‌ಲೈನ್ ಕೋರ್ಸಿನಲ್ಲಿ ಹಾಜರಿ ಇರುವುದಿಲ್ಲ ಎನ್ನುವುದು ಹೊರಗಿನವರ ಕಲ್ಪನೆ. ಯುಜಿಸಿಯ 2020ರ ನಿಯಮಗಳ ಪ್ರಕಾರ ಚರ್ಚೆ, ಅಸೈನ್‌ಮೆಂಟ್ ಮುಂತಾದ ಚಟುವಟಿಕೆಗಳಲ್ಲಿ ಶೇಕಡ 75 ಭಾಗವಹಿಸದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಆಂತರಿಕ ಅಂಕ ಹೆಚ್ಚೆಂದರೆ 30, ಮಿಕ್ಕ 70 ಕೊನೆಯ ಪರೀಕ್ಷೆಗೆ. ಅಸೈನ್‌ಮೆಂಟಿನ ಗಡುವುಗಳನ್ನು ನಾನು ಹುಳು ಮನೆಯ ಕ್ಯಾಲೆಂಡರಿನಲ್ಲೇ ಕೆಂಪು ಶಾಯಿಯಲ್ಲಿ ಬರೆದೆ. ಅದರಲ್ಲಿ ಮೊದಲಿನಿಂದಲೂ ನೀಲಿ ಶಾಯಿಯಲ್ಲಿ ಹುಳುವಿನ ಲೆಕ್ಕ ಇರುತ್ತದೆ. ಹುಳು ಮೇವು ಬಿಟ್ಟು ಪೊರೆ ಕಳಚುವುದನ್ನು ನಾವು ಜ್ವರ ಎನ್ನುತ್ತೇವೆ, ಚಾಕಿ ಎಂದರೆ ಎಳೆಯ ಹುಳು. ಎರಡನೆಯ ಜ್ವರ ಎದ್ದ ಚಾಕಿ ಹುಳು ತಂದ ದಿನ, ಮೂರನೆಯ ಜ್ವರ, ನಾಲ್ಕನೆಯ ಜ್ವರ, ಅಲ್ಲಿಂದ ಏಳೆಂಟು ದಿನಕ್ಕೆ ಹುಳು ಹಣ್ಣಾಗುವುದು. ನಾಲ್ಕನೆಯ ಜ್ವರ ಎದ್ದ ಮೇಲಿನ ಆ ಒಂದು ವಾರವೇ ಕಠಿಣ. ಹುಳು ಬದುಕಿಡೀ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಅದೇ ವಾರದಲ್ಲಿ ಹೋಗುತ್ತದೆ. ಕೆಂಪು ಮತ್ತು ನೀಲಿ ಒಂದರ ಮೇಲೊಂದು ಬೀಳದಂತೆ ನೋಡಿಕೊಂಡೇ ಆ ಬಾರಿ 150 ಮೊಟ್ಟೆಯ ಚಾಕಿ ತಂದಿದ್ದೆವು. ವಿಶ್ವವಿದ್ಯಾಲಯ ಪರೀಕ್ಷೆಯನ್ನು ಮುಂದೂಡಿತು. ಕೆಂಪು ಹೋಗಿ ನೇರ ನೀಲಿಯ ಮೇಲೆ ಕೂತಿತು: ಲೆಕ್ಕಶಾಸ್ತ್ರದ ಪರೀಕ್ಷೆ, ಹುಳು ಹಣ್ಣಾಗುವ ದಿನ.

ರೇಷ್ಮೆ ಗೊತ್ತಿಲ್ಲದವರಿಗೆ ಇದರ ಗಾಂಭೀರ್ಯ ತಿಳಿಯಲಾರದು. ಹಣ್ಣಾದ ಹುಳು ಸೊಪ್ಪು ಬಿಡುತ್ತದೆ, ಮೈ ಹಳದಿಯಾಗಿ ತಿಳಿಯಾಗುತ್ತದೆ, ತಲೆ ಎತ್ತಿ ಆಡಿಸುತ್ತ ಆಸರೆ ಹುಡುಕುತ್ತದೆ. ಆಗಲೇ ಆರಿಸಿ ಬಿದಿರಿನ ಚಂದ್ರಿಕೆಗೋ ನೇತ್ರಿಕೆಗೋ ಬಿಡಬೇಕು. ತಡವಾದರೆ ನೂಲನ್ನು ರೆಂಬೆಯ ಮೇಲೆಯೇ ಸುರಿದುಬಿಡುತ್ತದೆ. ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪು, ನಾನೂರು ಐನೂರು ಹುಳು. ಗುಣಿಸಿ ನೋಡಿ. ಅಷ್ಟು ಹುಳುವನ್ನು ಒಂದೊಂದಾಗಿ ಕೈಯಲ್ಲಿ ಎತ್ತಬೇಕಾದ ಹೊತ್ತಿನಲ್ಲಿ ಮನೆಯ ಎರಡು ಕೈ ಕೋಣೆಯೊಳಗೆ ಚಿಲಕ ಹಾಕಿಕೊಂಡಿರುತ್ತವೆ ಎಂದು ಹೇಳುವುದು ಹೇಗೆ?

ಹೇಳಿದೆ. ಪರೀಕ್ಷೆಯ ಹಿಂದಿನ ವಾರ ನಮ್ಮ ಬೀದಿಯ ಎರಡು ಮನೆಗಳಿಗೆ ಹೋಗಿ ಮುಯ್ಯಾಳಾಗಿ ಗೂಡು ಬಿಡಿಸಿಕೊಟ್ಟು ಬಂದೆ. ಅಲ್ಲೇ ಕೇಳಿದೆ: ಇಂಥ ದಿನ ಹತ್ತರಿಂದ ಒಂದರವರೆಗೆ ನನಗೆ ಪರೀಕ್ಷೆ, ನನ್ನ ಬದಲಿಗೆ ನಿಮ್ಮಲ್ಲಿ ಇಬ್ಬರು ಬರಬೇಕು. ಹಬ್ಬಕ್ಕೆ, ಹೆರಿಗೆಗೆ, ಸಾವಿಗೆ ಮುಯ್ಯಿ ಕೇಳಿದವರನ್ನು ಕಂಡವರು ಅವರು. ಪರೀಕ್ಷೆಗೆ ಕೇಳಿದವಳು ನಾನೇ ಮೊದಲು. ‘ಕಾಪಿ ಹೊಡೆಯಲು ಬರಬೇಕಾಗಿಲ್ಲವಲ್ಲ?’ ಎಂದು ಒಬ್ಬಾಕೆ ನಗಾಡಿ ಒಪ್ಪಿದಳು.

ಪರೀಕ್ಷೆ ಮನೆಯಿಂದಲೇ, ಆದರೆ ಕ್ಯಾಮೆರಾದ ಕಾವಲಿನಲ್ಲಿ. ಹಿಂದಿನ ದಿನದ ಅಣಕು ಪರೀಕ್ಷೆಗೆ ಕೂತದ್ದರಿಂದ ಅದರ ಸ್ವಭಾವ ಸ್ವಲ್ಪ ತಿಳಿದಿತ್ತು. ಗುರುತಿನ ಚೀಟಿ ತೋರಿಸಬೇಕು, ಲ್ಯಾಪ್‌ಟಾಪ್ ಎತ್ತಿ ನಾಲ್ಕೂ ಗೋಡೆ, ಮೇಜಿನ ಕೆಳಗೆ ಎಲ್ಲ ತೋರಿಸಬೇಕು, ಬೇರೆ ಯಾವ ಪುಟವನ್ನೂ ತೆರೆಯುವಂತಿಲ್ಲ, ಕೋಣೆಯಲ್ಲಿ ಮೊಬೈಲ್ ಇರುವಂತಿಲ್ಲ. ಮೊಬೈಲ್ ಇಲ್ಲದಿದ್ದರೆ ನಮಗೆ ಇಂಟರ್ನೆಟ್ಟೇ ಇಲ್ಲ. ಅದಕ್ಕೆ ಬೇರೆ ಬೇರೆ ಕಂಪನಿಯ ಸಿಮ್ ಇರುವ ಎರಡು ಮೊಬೈಲುಗಳನ್ನು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇಟ್ಟು, ಎರಡರ ಹಾಟ್‌ಸ್ಪಾಟನ್ನೂ ಒಂದೇ ಹೆಸರು, ಒಂದೇ ಪಾಸ್‌ವರ್ಡಿಗೆ ಹೊಂದಿಸಿ, ಮಗಳನ್ನು ಕಾವಲು ಕೂರಿಸಿದೆ. ಒಂದು ಕೈಕೊಟ್ಟರೆ ಅದನ್ನು ಆರಿಸಿ ಇನ್ನೊಂದನ್ನು ಹಚ್ಚುವುದು ಅವಳ ಕೆಲಸ. ಸಹಾಯವಾಣಿಯ ಸಂಖ್ಯೆ, ನನ್ನ ನೋಂದಣಿ ಸಂಖ್ಯೆ ಎರಡನ್ನೂ ಅವಳ ನೋಟ್‌ಬುಕ್ಕಿನಲ್ಲಿ ಬರೆಸಿದ್ದೆ. ಲ್ಯಾಪ್‌ಟಾಪಿಗೆ ಪೂರ್ತಿ ಚಾರ್ಜು. ಕರೆಂಟಿನ ಮೇಲೆ ಭರವಸೆ ಇಟ್ಟು ನಮ್ಮೂರಲ್ಲಿ ಯಾರೂ ಯಾವ ಕೆಲಸವನ್ನೂ ಮಾಡುವುದಿಲ್ಲ.

ಶುರುವಾದ ಕಾಲು ಗಂಟೆಯಲ್ಲೇ ಪರದೆಯ ಮೇಲೆ ಎಚ್ಚರಿಕೆ ಬಂತು: ಪರದೆಯತ್ತ ನೋಡಿ. ನಾನು ಲೆಕ್ಕ ಮಾಡುವಾಗ ಸೂರು ನೋಡುತ್ತೇನೆ, ಒಂದನೆಯ ತರಗತಿಯಿಂದ ಬಂದ ಅಭ್ಯಾಸ. ಸೂರು ಬಿಟ್ಟು ಪರದೆ ನೋಡಿದೆ. ಮತ್ತೊಂದು ಎಚ್ಚರಿಕೆ: ಮಾತಾಡಬೇಡಿ. ಮಾತಾಡಿರಲಿಲ್ಲ, ತುಟಿ ಅಲ್ಲಾಡಿತ್ತು. ನಮ್ಮ ಕಡೆ ಮನೆಮನೆಯಲ್ಲೂ ಕನ್ನಡದ ಜೊತೆ ತೆಲುಗು ಇದೆ, ನನ್ನ ಕೂಡುವ ಕಳೆಯುವ ಲೆಕ್ಕವೆಲ್ಲ ಅಜ್ಜಿ ಕಲಿಸಿದ ತೆಲುಗಿನಲ್ಲಿ, ಅದೂ ಪಿಸುಮಾತಿನಲ್ಲಿ. ಹಲ್ಲು ಕಚ್ಚಿಕೊಂಡು ಲೆಕ್ಕ ಮಾಡುವುದು ಎಷ್ಟು ಕಷ್ಟವೆಂದು ಆ ದಿನ ಅರಿತೆ. ಮನುಷ್ಯ ಕಾವಲುಗಾರನಾದರೆ ಒಮ್ಮೆ ಹತ್ತಿರ ಬಂದು ನೋಡಿ, ಇವಳ ರೀತಿಯೇ ಇಷ್ಟು ಎಂದು ಹೋಗುತ್ತಿದ್ದ. ಯಂತ್ರಕ್ಕೆ ಅಷ್ಟು ದಾಕ್ಷಿಣ್ಯವಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ಅಂಕಿಗಳನ್ನೆಲ್ಲ, ಚಿಲ್ಲರೆ ಕೂಡುವುದನ್ನೂ, ಕಚ್ಚಾ ಹಾಳೆಯ ಮೇಲೆ ದೊಡ್ಡದಾಗಿ ಬರೆಯುತ್ತ ಹೋದೆ. ಕೈ ಆಡುತ್ತಿದ್ದರೆ ತುಟಿ ಸುಮ್ಮನಿರುತ್ತದೆ.

ಹನ್ನೊಂದೂವರೆಯ ಸುಮಾರಿಗೆ ಪರದೆ ನಿಂತುಹೋಯಿತು, ಸಂಪರ್ಕ ಕಡಿತ. ಕಿಟಕಿಯ ಹೊರಗೆ ಮಗಳು ಎದ್ದ ಸದ್ದು ಕೇಳಿತು. ಕೂಗುವಂತಿಲ್ಲ, ಎದ್ದು ಹೋಗುವಂತಿಲ್ಲ. ಪಕ್ಕದ ಹುಳು ಮನೆಯಲ್ಲಿ ಇನ್ನೂ ಹಣ್ಣಾಗದ ಹುಳುಗಳು ಸೊಪ್ಪು ಮೇಯುವ ಶಬ್ದ, ಹಂಚಿನ ಮೇಲೆ ಸೋನೆ ಹಿಡಿದಂತೆ, ಒಂದೇ ಸಮ. ಅದನ್ನು ಕೇಳುತ್ತ ಕೂತೆ. ಸಂಪರ್ಕ ತಪ್ಪಿದರೆ ಸ್ವಲ್ಪ ಹೊತ್ತಿನೊಳಗೆ ಮತ್ತೆ ಒಳಬರಬಹುದು, ಬರೆದ ಉತ್ತರ ಉಳಿದಿರುತ್ತದೆ ಎಂದು ನಿಯಮಗಳಲ್ಲಿ ಓದಿದ್ದರಿಂದ ಕೈ ನಡುಗಲಿಲ್ಲ. ಆ ನಿಯಮಗಳ ಕಡತವನ್ನು ನಮ್ಮ ತಂಡದಲ್ಲಿ ಬಹಳ ಜನ ತೆರೆದೇ ನೋಡಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಎರಡನೆಯ ಮೊಬೈಲ್ ಹಿಡಿಯಿತು, ಪರದೆ ಬಂತು, ನೇತ್ರಿಕೆಯದ್ದೇ ಮಾದರಿಯ ಸವಕಳಿ ಪ್ರಶ್ನೆಯೂ ಬಂತು. ಅದರಲ್ಲಿ ಇಲಿ ಇರಲಿಲ್ಲ.

ಒಂದು ಗಂಟೆಗೆ ಹೊರಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಹುಳು ನೇತ್ರಿಕೆ ಏರಿತ್ತು. ಸೀರೆ ಬದಲಿಸಿ ನಾನೂ ಸೇರಿಕೊಂಡೆ. ಮುಯ್ಯಿಗೆ ಬಂದವರಿಗೆ ಅತ್ತೆ ಮಜ್ಜಿಗೆ ಕೊಡುತ್ತ, ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ಹೇಗೆ ನಡೆಯುತ್ತದೆಂದು ತಾವೇ ವಿವರಿಸುತ್ತಿದ್ದರು. ಕ್ಯಾಮೆರಾದ ಬಗ್ಗೆ ಅವರಿಗೆ ನನಗಿಂತ ಹೆಚ್ಚು ಗೊತ್ತಿತ್ತು. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ದೆವು. ಅಲ್ಲಿ ಹರಾಜೂ ಆನ್‌ಲೈನ್, ಹಣವೂ ನೇರ ಬ್ಯಾಂಕ್ ಖಾತೆಗೆ. ಅದನ್ನು ನಂಬಲು ನಮ್ಮ ಮನೆಯಲ್ಲಿ ಯಾರಿಗೂ ಇಷ್ಟು ಕಾಲ ಹಿಡಿದಿರಲಿಲ್ಲ ಎಂದು ಮಾವನಿಗೆ ನೆನಪಿಸಿದೆ. ‘ಅಲ್ಲಿ ದುಡ್ಡು ಬರುತ್ತದೆ, ಇಲ್ಲಿ ಹೋಗುತ್ತದೆ’ ಎಂದರು. ಅದೂ ನಿಜವೇ.

ಫಲಿತಾಂಶದಲ್ಲಿ ಲೆಕ್ಕಶಾಸ್ತ್ರ ಚೆನ್ನಾಗಿಯೇ ಬಂತು, ಇಂಗ್ಲಿಷ್ ಗಟ್ಟಿಯಾಗಬೇಕು. ಈಗ ಎರಡನೆಯ ಸೆಮಿಸ್ಟರು. ಕ್ಯಾಲೆಂಡರಿನಲ್ಲಿ ಮೊದಲು ಕೆಂಪು ಬರೆದು ಆಮೇಲೆ ನೀಲಿ ಬರೆಯಬೇಕು, ಪರೀಕ್ಷೆ ಮುಂದೆ ಹೋದರೂ ತಾಗದಂತೆ ಚಾಕಿಯನ್ನು ಎರಡು ವಾರ ತಡವಾಗಿ ತರಬೇಕು ಎಂಬುದು ನನ್ನ ಬೇಡಿಕೆ. ಹಾಗೆ ಮಾಡಿದರೆ ನಮ್ಮ ಗೂಡು ಎಲ್ಲರ ಗೂಡಿನ ಜೊತೆಗೇ ಮಾರುಕಟ್ಟೆಗೆ ಬಂದು ಬೆಲೆ ಬಿದ್ದಿರುತ್ತದೆ ಎಂಬುದು ನನ್ನ ಗಂಡನ ವಾದ. ಚಾಕಿ ಕೇಂದ್ರದವರು ಸೋಮವಾರದೊಳಗೆ ದಿನಾಂಕ ತಿಳಿಸಿ ಎಂದಿದ್ದಾರೆ. ಇನ್ನೂ ಇತ್ಯರ್ಥವಾಗಿಲ್ಲ.