ಹಾಡುವುದಕ್ಕಿಂತ ಮಾತಾಡುವುದೇ ಗಂಟಲಿಗೆ ದುಬಾರಿ

ಮುಂದಿನ ತಿಂಗಳ ನನ್ನ ಕ್ಯಾಲೆಂಡರ್ ಸ್ವಲ್ಪ ವಿಚಿತ್ರವಾಗಿದೆ. ಮೊದಲೆರಡು ಶನಿವಾರ ಇಂದಿರಾನಗರದಲ್ಲಿ ಜಾಜ್, ರಾತ್ರಿ ಎರಡು ಸೆಟ್, ಅಂದರೆ ನಡುವೆ ಬ್ರೇಕ್ ಕೊಟ್ಟು ಎರಡು ಸುತ್ತು. ಅದಾದ ಮೇಲೆ ಒಂದು ಹೊಸ ಆಪೆರಾ, ಕಥೆಯನ್ನು ಹಾಡಿನಲ್ಲೇ ಹೇಳುವ ಪಾಶ್ಚಾತ್ಯ ರಂಗಪ್ರಕಾರ. ಚಿಕ್ಕದು. ವಾದ್ಯಗಳು ಐದೇ: ಚೆಲ್ಲೊ, ಕ್ಲಾರಿನೆಟ್, ಪಿಯಾನೊ, ವೀಣೆ, ಮೃದಂಗ. ಸಾಹಿತ್ಯ ಅರ್ಧ ಅಕ್ಕಮಹಾದೇವಿಯ ವಚನ, ಅರ್ಧ ಜರ್ಮನ್. ಮನೆಯಲ್ಲಿ ಹೇಳಿದಾಗ ಅತ್ತೆ ಕೇಳಿದರು, "ಅಂದ್ರೆ ಕಂಪನಿ ನಾಟಕದ ತರಹಾನಾ?" ಪೂರ್ತಿ ತಪ್ಪೇನಲ್ಲ. ಆ ಕಾಲದ ಕಂಪನಿಗಳಲ್ಲಿ ನಟರೇ ಹಾಡುತ್ತಿದ್ದರು, ಮೈಕ್ ಇಲ್ಲದೆ ಹಿಂದಿನ ಬೆಂಚಿನವರಿಗೂ ಕೇಳಿಸಬೇಕಿತ್ತು. ಆಪೆರಾದ ಕಷ್ಟವೂ ಅದೇ.

ಕರ್ನಾಟಕ ಸಂಗೀತ ಕಲಿತವಳು ಜಾಜ್‌ಗೂ ಆಪೆರಾಕ್ಕೂ ಹೇಗೆ ಶೈಲಿ ಬದಲಾಯಿಸುತ್ತೀಯಾ ಅಂತ ಎಲ್ಲರೂ ಕೇಳುತ್ತಾರೆ. ಅದೇನು ದೊಡ್ಡ ತಲೆನೋವಲ್ಲ. ನಿಜವಾದ ತಲೆನೋವು ಇರುವುದು ಗಂಟಲಲ್ಲಿ.

ಇಂಥ ಬೆರಕೆ ಬೆಂಗಳೂರಿಗೆ ಹೊಸದೂ ಅಲ್ಲ. ಇಲ್ಲಿನ ಗಾಯಕಿ ಆರ್.ಎ. ರಮಾಮಣಿ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮೇರಿಯಾನೊ ಜೊತೆ 'ಜ್ಯೋತಿ' ಆಲ್ಬಂ ಮಾಡಿದ್ದು 1983ರಲ್ಲಿ. ಅದಕ್ಕೂ ಮುಂಚೆ, 1980ರಲ್ಲಿ, ಅಮೆರಿಕದ ಕಂಪೋಸರ್ ಫಿಲಿಪ್ ಗ್ಲಾಸ್ ಅವರ 'ಸತ್ಯಾಗ್ರಹ' ಆಪೆರಾ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ರಂಗಕ್ಕೆ ಬಂತು. ಕಥೆ ದಕ್ಷಿಣ ಆಫ್ರಿಕದ ಗಾಂಧಿಯದು, ಹಾಡುವುದೆಲ್ಲ ಸಂಸ್ಕೃತದಲ್ಲಿ, ಭಗವದ್ಗೀತೆಯ ಸಾಲುಗಳು. ಹಾಗಾಗಿ ಯಾರಾದರೂ "ವಚನವನ್ನ ಆಪೆರಾದಲ್ಲಿ ಹಾಡಬಹುದಾ?" ಅಂದರೆ ನಾನು ವಾದಕ್ಕೆ ಇಳಿಯುವುದಿಲ್ಲ. ಹಾಡಬಹುದು. ಹ್ರಸ್ವ ಅಕ್ಷರವನ್ನು ನಾಲ್ಕು ಮಾತ್ರೆ ಎಳೆಯಬೇಡಿ ಅಂತ ಕಂಪೋಸರ್‌ಗೆ ಮೊದಲೇ ಹೇಳಿಬಿಟ್ಟರೆ ಸಾಕು.

ಗಂಟಲಿನ ವಿಷಯಕ್ಕೆ ಬರೋಣ. ಜಾಜ್‌ನಲ್ಲಿ ಮೈಕ್ ನನ್ನ ವಾದ್ಯದ ಒಂದು ಭಾಗ. 1925ರ ಸುಮಾರಿಗೆ ಮೈಕ್ ಇಟ್ಟು ರೆಕಾರ್ಡ್ ಮಾಡುವುದು ಶುರುವಾದ ಮೇಲೆ ಹಾಡುವ ರೀತಿಯೇ ಬದಲಾಯಿತು. ಅಮೆರಿಕದ ಜಾಜ್ ಗಾಯಕಿ ಬಿಲ್ಲಿ ಹಾಲಿಡೇ ಅವರದು ಚಿಕ್ಕ ದನಿ. ಮೈಕ್ ಇಲ್ಲದಿದ್ದರೆ ಬ್ಯಾಂಡ್‌ನ ಸದ್ದಿನಲ್ಲಿ ಅದು ಮುಳುಗುತ್ತಿತ್ತು, ಮೈಕ್ ಇದ್ದದ್ದರಿಂದ ಅವರು ಉಸಿರೆಳೆದುಕೊಂಡಿದ್ದೂ ಹಾಡಿನೊಳಗೆ ಸೇರಿಕೊಂಡಿತು. ಆಪೆರಾದಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಗಟ್ಟಿಯಾಗಿ ಕಿರುಚಿದರೆ ಕೆಲಸ ಆಗುವುದಿಲ್ಲ, ವಾದ್ಯಗಳ ಸದ್ದು ಕಡಿಮೆ ಇರುವ ಕಡೆ ದನಿ ತೂರಿಸಬೇಕು. ದೊಡ್ಡ ಆರ್ಕೆಸ್ಟ್ರಾದ ಶಕ್ತಿ ಜಾಸ್ತಿ ಇರುವುದು 500 ಹರ್ಟ್ಸ್ (ಸೆಕೆಂಡಿಗೆ 500 ಕಂಪನ) ಆಸುಪಾಸಿನಲ್ಲಿ. ಪಳಗಿದ ಆಪೆರಾ ಗಾಯಕರ ದನಿಯಲ್ಲಿ 3,000 ಹರ್ಟ್ಸ್ ಹತ್ತಿರ ಇನ್ನೊಂದು ಉಬ್ಬು ಏಳುತ್ತದೆ. ಗಂಡಸರಲ್ಲಿ, ನನ್ನಂಥ ದಪ್ಪ ದನಿಯ ಹೆಂಗಸರಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನಮ್ಮ ಕಿವಿಯೂ ಆ ಜಾಗದಲ್ಲಿ ತುಂಬಾ ಚುರುಕು. ಹಾಗಾಗಿ ದನಿ ಕೇಳಿಸುತ್ತದೆ. ರಂಗಶಂಕರದಲ್ಲಿ ಮೈಕ್ ಇಲ್ಲದ ನಾಟಕ ನೋಡಿದವರಿಗೆ ಈ ಕಸರತ್ತಿನ ಅಂದಾಜು ಸಿಗಬಹುದು.

ಇದು ದೇಹದ ಕೆಲಸ. ನಡುವಣ ಸ್ಥಾಯಿಯ ಎ (ಪಾಶ್ಚಾತ್ಯ ಸಂಗೀತದ A) ಸ್ವರ ಹಾಡುವಾಗ ಧ್ವನಿತಂತುಗಳು ಸೆಕೆಂಡಿಗೆ 440 ಸಲ ಒಂದಕ್ಕೊಂದು ಬಡಿದುಕೊಳ್ಳುತ್ತವೆ, ನಿಮಿಷಕ್ಕೆ 26,400. ದಿನವಿಡೀ ತಾಲೀಮಿನಲ್ಲಿ ಹೀಗೆ ಬಡಿಸಿ ರಾತ್ರಿ ಮತ್ತೆ ಎರಡು ಸೆಟ್ ಹಾಡುತ್ತೇನೆ ಅಂದರೆ ಅವು ಊದಿಕೊಳ್ಳುತ್ತವೆ. ಅದಕ್ಕೇ ಆಪೆರಾದವರಲ್ಲಿ ಮಾರ್ಕಿಂಗ್ ಅಂತ ಒಂದು ಪದ್ಧತಿ ಇದೆ. ತಾಲೀಮಿನಲ್ಲಿ ಪೂರ್ತಿ ದನಿ ಕೊಡುವುದಿಲ್ಲ. ಮೇಲಿನ ಸ್ವರಗಳನ್ನು ಒಂದು ಸ್ಥಾಯಿ ಕೆಳಗೆ, ಮೆಲ್ಲಗೆ, ತಾಳ ಮಾತ್ರ ಪಕ್ಕಾ ಇಟ್ಟು ಹಾಡಿ ಮುಗಿಸುತ್ತಾರೆ. ಬೆಳಗಿನ ಐದಕ್ಕೆದ್ದು ಬಾಯಿ ತುಂಬಾ ಅಕಾರ ಸಾಧನೆ ಮಾಡಿ ಬೆಳೆದ ನಮಗೆ ಇದು ಸೋಮಾರಿತನ ಅನ್ನಿಸುತ್ತದೆ, ಅಲ್ವಾ? ನನಗೂ ಬಹಳ ದಿನ ಒಪ್ಪಿಗೆ ಆಗಲಿಲ್ಲ. ಆದರೆ ಮಾರ್ಕಿಂಗ್ ಸುಲಭದ ಕೆಲಸ ಅಲ್ಲ. ಉಸಿರಿನ ಆಧಾರ ಹಾಗೇ ಇರಬೇಕು, ದನಿ ಮಾತ್ರ ಇಳಿಯಬೇಕು. ಆಧಾರ ಬಿಟ್ಟು ಗಂಟಲಲ್ಲೇ ಗೊಣಗಿದರೆ ಪೂರ್ತಿ ದನಿಗಿಂತ ಜಾಸ್ತಿ ಸುಸ್ತು.

ಇಷ್ಟೆಲ್ಲ ಉಳಿಸಿದ ಗಂಟಲನ್ನು ಹಾಳು ಮಾಡುವುದು ಹಾಡಲ್ಲ, ಹಾಡು ಮುಗಿದ ಮೇಲಿನ ಮಾತು. ಎರಡು ಸೆಟ್ ನಡುವೆ ಗೆಳೆಯರು ಬರುತ್ತಾರೆ, ಹಳೇ ಆಫೀಸಿನವರು ಸಿಗುತ್ತಾರೆ, ಹಿಂದೆ ಸ್ಪೀಕರ್‌ನಲ್ಲಿ ಹಾಡು ಓಡುತ್ತಿರುತ್ತದೆ, ಪಕ್ಕದ ಟೇಬಲ್‌ನಲ್ಲಿ ಯಾರದೋ ಬರ್ತ್‌ಡೇ, ಆ ಗದ್ದಲದಲ್ಲಿ ನಾವು ಎಷ್ಟು ಜೋರಾಗಿ ಮಾತಾಡುತ್ತಿದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ. ಸುತ್ತ ಸದ್ದು ಏರಿದರೆ ದನಿ ತಾನಾಗಿ ಏರುತ್ತದೆ. ಲೊಂಬಾರ್ ಅನ್ನುವ ಫ್ರೆಂಚ್ ವೈದ್ಯರು 1911ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಹಾಡುವಾಗ ನನಗೆ ಉಸಿರಿನ ಮೇಲೆ ಗಮನ ಇರುತ್ತದೆ, ಎದುರಿಗೆ ನನ್ನ ದನಿ ನನಗೇ ಕೇಳಿಸುವ ಸ್ಪೀಕರ್, ಅಂದರೆ ಮಾನಿಟರ್ ಇರುತ್ತದೆ. ಹರಟೆಗೆ ಎರಡೂ ಇಲ್ಲ. ಈಗ ಬ್ರೇಕ್ ಆದ ಕೂಡಲೇ ಹೊರಗೆ ಪಾರ್ಕಿಂಗ್ ಹತ್ತಿರ ಹೋಗಿ ನಿಲ್ಲುತ್ತೇನೆ. ಜಂಬ ಅಂತ ಒಂದಿಬ್ಬರು ಅಂದುಕೊಂಡಿದ್ದಾರೆ. ಇರಲಿ.

ನೀರಿನ ಬಗ್ಗೆಯೂ ಒಂದು ಮಾತು. ಕುಡಿದ ನೀರು ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲ, ಅದು ಹೋಗುವುದು ಅನ್ನನಾಳಕ್ಕೆ. ಮೈಯೆಲ್ಲ ಸುತ್ತಿ ತಂತುಗಳಿಗೆ ತಲುಪಲು ಹೊತ್ತು ಬೇಕು. ಹಾಗಾಗಿ ಸ್ಟೇಜ್ ಹತ್ತುವ ಮುಂಚೆ ಬಾಟಲಿ ಖಾಲಿ ಮಾಡಿದರೆ ಬಾತ್‌ರೂಮಿಗೆ ಓಡಬೇಕಾಗುತ್ತದೆ, ಅಷ್ಟೇ. ಬೆಳಗಿನಿಂದ ಸ್ವಲ್ಪ ಸ್ವಲ್ಪ ಕುಡಿಯಿರಿ. ನೇರವಾಗಿ ತಾಗುವುದು ಹಬೆ. ಅಜ್ಜಿ ಹಂಡೆ ಮುಂದೆ ಕೂರಿಸಿ ತಲೆ ಮೇಲೆ ಟವೆಲ್ ಹೊದಿಸುತ್ತಿದ್ದುದು ಸರಿಯಾಗಿಯೇ ಇತ್ತು. ಬೆಂಗಳೂರಿನ ಡಿಸೆಂಬರ್ ಒಣ ಗಾಳಿಯಲ್ಲಂತೂ ಅದು ಬೇಕೇ ಬೇಕು.

ಅಂದಹಾಗೆ ಆಪೆರಾ ತಾಲೀಮಿನ ಮೊದಲ ವಾರ ಗಂಟಲಿಗಿಂತ ತಾಳದ ಗಲಾಟೆ ದೊಡ್ಡದಿತ್ತು. ಕಛೇರಿಯಲ್ಲಿ ಪಕ್ಕವಾದ್ಯದವರು ನನ್ನನ್ನು ಹಿಂಬಾಲಿಸುತ್ತಾರೆ. ಜಾಜ್‌ನಲ್ಲಿ ತಾಳದ ಆವರ್ತದಂಥ 32 ಬಾರ್‌ನ ಚೌಕಟ್ಟು ಸುತ್ತುತ್ತಾ ಇರುತ್ತದೆ, ನಾನು ಕಳೆದುಹೋದರೂ ಬೇಸ್ ನುಡಿಸುವವನು ಹಿಡಿದುಕೊಂಡಿರುತ್ತಾನೆ. ಆಪೆರಾದಲ್ಲಿ ಎಲ್ಲ ಎದುರಿಗೆ ನಿಂತು ಕೈಯಾಡಿಸಿ ತಾಳ ಕೊಡುವ ಕಂಡಕ್ಟರ್ ಕೈಯಲ್ಲಿ. ನಮ್ಮ ಮೃದಂಗದವರು ಎರಡನೇ ದಿನ ನನ್ನ ಕಿವಿಯಲ್ಲಿ ಕೇಳಿದರು, "ಮೇಡಂ, ನಾನು ಅವರ ಕೈ ನೋಡ್ಬೇಕಾ, ನಿಮ್ಮ ಬಾಯಿ ನೋಡ್ಬೇಕಾ?" ಕೈಯನ್ನೇ ನೋಡಿ ಸರ್, ನಾನೂ ಅದನ್ನೇ ನೋಡ್ತಿದ್ದೀನಿ ಅಂದೆ. ಆಮೇಲೆ ಅವರು ಸ್ವರಲಿಪಿಯ ಸ್ಕೋರ್‌ನ ಪಕ್ಕದಲ್ಲಿ ಕನ್ನಡದಲ್ಲಿ ಕೊನ್ನಕ್ಕೋಲ್ ಸೊಲ್ಲು, ಅಂದರೆ ತಾಳವನ್ನು ಬಾಯಲ್ಲಿ ಹೇಳುವ ಅಕ್ಷರಗಳನ್ನು ಬರೆದುಕೊಂಡರು. ಏಳು ಮಾತ್ರೆಯ ಬಾರ್‌ಗೆ "ತಕಿಟ ತಕದಿಮಿ". ಕ್ಲಾರಿನೆಟ್‌ನವರು ಅದನ್ನು ಫೋಟೊ ತೆಗೆದುಕೊಂಡು ಹೋಗಿ ಕಲಿತು ಬಂದರು, ಅಲ್ಲಿಂದ ಆ ಭಾಗದಲ್ಲಿ ಯಾರೂ ತಪ್ಪಿಲ್ಲ.

ಈಗ ಹೊಸ ಕೆಲಸಕ್ಕೆ ಯಾರಾದರೂ ಫೋನ್ ಮಾಡಿದರೆ ಸಂಭಾವನೆಗೂ ಮುಂಚೆ ಮೈಕ್ ಇದೆಯಾ ಅಂತ ಕೇಳುತ್ತೇನೆ. ಮೈಕ್ ಇಲ್ಲದ ಶೋ ಆದರೆ ಹಿಂದಿನ ರಾತ್ರಿ ಬೇರೆ ಕಡೆ ಹಾಡುವುದಿಲ್ಲ ಅಂತ ಕರಾರಿನಲ್ಲೇ ಬರೆಸುತ್ತೇನೆ. ಒಂದೆರಡು ಕೆಲಸ ಇದರಿಂದ ಕೈತಪ್ಪಿವೆ. ದುಡ್ಡಿನ ಲೆಕ್ಕದಲ್ಲಿ ನಷ್ಟವೇ, ಸುಳ್ಳು ಹೇಳುವುದಿಲ್ಲ.

ಜಾಜ್‌ಗೆ ಬರುವವರು ಎರಡನೇ ಸೆಟ್‌ಗೆ ಬನ್ನಿ, ಆಗ ಬ್ಯಾಂಡ್ ಹದಕ್ಕೆ ಬಂದಿರುತ್ತದೆ, ಊಟದ ಗದ್ದಲವೂ ಇಳಿದಿರುತ್ತದೆ. ಬ್ರೇಕ್‌ನಲ್ಲಿ ಮಾತಾಡಿಸಿದರೆ ನಾನು ಸುಮ್ನೆ ಕೈ ಬೀಸಿ ಹೊರಗೆ ಹೋಗುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಾರನೇ ದಿನ ಮೆಸೇಜ್ ಹಾಕಿ.