ನಾಣ್ಯದ ದರ್ಜೆ ಮತ್ತು ‘ಅವರಷ್ಟು’ ಎಂಬ ಪದ

ನಾಣ್ಯ ಸಂಗ್ರಹಿಸುವವನೆಂದು ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ಗ್ರೇಡಿಂಗ್ ಸಂಸ್ಥೆಯವರಷ್ಟು ಚೆನ್ನಾಗಿ ನೀವೂ ನಾಣ್ಯಕ್ಕೆ ದರ್ಜೆ ಹೇಳಬಲ್ಲಿರಾ?’ (ನಾಣ್ಯ ಎಷ್ಟು ಸವೆದಿದೆ, ಎಷ್ಟು ಚೆನ್ನಾಗಿ ಉಳಿದಿದೆ ಎಂದು ನೋಡಿ ಅದಕ್ಕೊಂದು ಅಂಕಿ ಕೊಡುವುದೇ ಗ್ರೇಡಿಂಗ್ ಸಂಸ್ಥೆಗಳ ಕೆಲಸ. ಆ ಅಂಕಿಯೇ ದರ್ಜೆ.) ಬಾಯಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಉತ್ತರವನ್ನು ಬರೆದಿಡುತ್ತಿದ್ದೇನೆ. ಹೇಳಬಲ್ಲೆ. ಅದು ನಾನು ವರ್ಷಗಟ್ಟಲೆ ನೋಡಿ ಬಲ್ಲ ಬಗೆಯ ನಾಣ್ಯವಾಗಿದ್ದರೆ, ನನ್ನ ಕೈಯಲ್ಲಿ ಇದ್ದರೆ, ಮತ್ತು ನನ್ನದಲ್ಲದಿದ್ದರೆ. ಮೂರನೆಯ ಷರತ್ತಿನ ವಿಷಯ ಆಮೇಲೆ.

ನನಗೆ ಸಿಟ್ಟು ಬರಿಸುವುದು ಆ ‘ಅವರಷ್ಟು’ ಎಂಬ ಪದ. ಸಂಸ್ಥೆಯ ಚೀಟಿಯಲ್ಲಿರುವ ಅಂಕಿಯನ್ನೇ ಸರಿಯುತ್ತರವೆಂದು ಇಟ್ಟುಕೊಂಡು ನನ್ನನ್ನು ಪರೀಕ್ಷೆಗೆ ಕೂರಿಸಿದರೆ, ನಾನು ಎಷ್ಟೇ ಎಚ್ಚರದಿಂದ ನೋಡಿದರೂ ಅವರಿಗೆ ಸಮನಾಗಬಹುದೇ ಹೊರತು ಅವರಿಗಿಂತ ಸರಿಯಾಗಲು ದಾರಿಯೇ ಇಲ್ಲ. ನಮ್ಮಿಬ್ಬರ ಉತ್ತರ ಬೇರೆಯಾದ ಪ್ರತಿಯೊಂದು ಸಲವೂ ಸೋತವನು ನಾನೇ.

ಹಾಗೆ ಸೋತ ಒಂದು ದಿನ ಇನ್ನೂ ನೆನಪಿನಲ್ಲಿದೆ. ಸಂಗ್ರಾಹಕರ ಕೂಟವೊಂದಕ್ಕೆ ಪರಿಚಿತರೊಬ್ಬರು ಹತ್ತು ಮಾರ್ಗನ್ ಡಾಲರ್‌ಗಳನ್ನು, ಅಂದರೆ ಒಂದು ಬದಿಯಲ್ಲಿ ಹೆಣ್ಣಿನ ಮುಖವಿರುವ ಅಮೆರಿಕದ ಹಳೆಯ ಬೆಳ್ಳಿ ನಾಣ್ಯಗಳನ್ನು, ತಂದಿದ್ದರು. ಎಲ್ಲವೂ ಸಂಸ್ಥೆಯ ಪ್ಲಾಸ್ಟಿಕ್ ಕವಚದಲ್ಲಿ, ಅಂದರೆ ನಾವು ಸ್ಲ್ಯಾಬ್ ಎನ್ನುವುದರಲ್ಲಿ, ಭದ್ರವಾಗಿದ್ದವು. ಅಂಕಿ ಕಾಣದಂತೆ ಚೀಟಿಗಳ ಮೇಲೆ ಕಾಗದ ಅಂಟಿಸಿದ್ದರು. ಏಳು ನಾಣ್ಯಗಳಲ್ಲಿ ನಾನು ಹೇಳಿದ್ದೂ ಚೀಟಿಯಲ್ಲಿದ್ದದ್ದೂ ಒಂದೇ ಆಯಿತು. ಎರಡರಲ್ಲಿ ಒಂದಂಕಿಯ ವ್ಯತ್ಯಾಸ ಬಂತು. ಹತ್ತನೆಯದನ್ನು ನೋಡಿ, ಇದಕ್ಕೆ ಅಂಕಿಯೇ ಸಲ್ಲದು, ಯಾರೋ ಉಜ್ಜಿ ಸ್ವಚ್ಛಗೊಳಿಸಿದ್ದಾರೆ ಎಂದೆ. ದೀಪದ ಕೆಳಗೆ ನಿಧಾನವಾಗಿ ವಾಲಿಸಿದರೆ ಕೆನ್ನೆಯ ಮೇಲೆ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಸಾಲಾಗಿ ಎದ್ದು ಕಾಣುತ್ತಿದ್ದವು, ಇನ್ನಷ್ಟು ತಿರುಗಿಸಿದರೆ ಅಷ್ಟೂ ಒಟ್ಟಿಗೆ ಮಾಯವಾಗುತ್ತಿದ್ದವು. ಚೀಲದಲ್ಲಿ ನಾಣ್ಯಕ್ಕೆ ನಾಣ್ಯ ತಾಗಿ ಆದ ಗಾಯಗಳು ಹೀಗೆ ಸಾಲು ಹಿಡಿದು ನಿಲ್ಲುವುದಿಲ್ಲ. ಅವು ಕಂಡಕಂಡಲ್ಲಿ ಬಿದ್ದಿರುತ್ತವೆ. ಕಾಗದ ಕಿತ್ತಾಗ ಚೀಟಿಯಲ್ಲಿ ಎಂ.ಎಸ್. 63 ಎಂದಿತ್ತು. ಎಂ.ಎಸ್. ಎಂದರೆ ಚಲಾವಣೆಯನ್ನೇ ಕಾಣದ ನಾಣ್ಯ. ಸುತ್ತ ನಿಂತವರೆಲ್ಲ ನಕ್ಕರು. ಒಬ್ಬರಂತೂ ನನ್ನ ಕನ್ನಡಕದ ಬಗ್ಗೆ ಬಹಳ ಕಾಳಜಿಯಿಂದ ವಿಚಾರಿಸಿದರು.

ಮುಂದಿನ ವರ್ಷ ಆ ನಾಣ್ಯದ ಒಡೆಯರು 64 ಸಿಕ್ಕೀತೆಂಬ ಆಸೆಯಿಂದ ಕವಚ ಒಡೆದು ಅದನ್ನು ಬೇರೊಂದು ಸಂಸ್ಥೆಗೆ ಕಳುಹಿಸಿದರು. ಅದು ‘ಸ್ವಚ್ಛಗೊಳಿಸಲಾಗಿದೆ’ ಎಂಬ ಷರಾದೊಡನೆ, ಅಂಕಿಯೇ ಇಲ್ಲದೆ ಮರಳಿತು. ಅಂದು ನಕ್ಕವರಲ್ಲಿ ಒಬ್ಬರೂ ಈ ಸುದ್ದಿಯನ್ನು ನನಗೆ ಮುಟ್ಟಿಸಲಿಲ್ಲ. ನಾನೇ ಕೆದಕಿ ಕೇಳಿದ ಮೇಲೆ ಒಡೆಯರು ಒಪ್ಪಿಕೊಂಡರು. ನಾನು ಇದನ್ನು ಮರೆತಿದ್ದೇನೆಂದು ಯಾರಾದರೂ ಭಾವಿಸಿದ್ದರೆ ಅದು ತಪ್ಪು.

ಆ ಅಂಕಿಗಳು ಆಕಾಶದಿಂದ ಉದುರಿದವಲ್ಲ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬಾತ ಅಮೆರಿಕದ ಹಳೆಯ ತಾಮ್ರದ ದೊಡ್ಡ ಸೆಂಟ್‌ಗಳ ಬೆಲೆ ಕಟ್ಟಲು 1ರಿಂದ 70ರವರೆಗಿನ ಅಳತೆಯೊಂದನ್ನು ಮುಂದಿಟ್ಟ. ಗುರುತು ಹಿಡಿಯಲಷ್ಟೇ ಸಾಧ್ಯವಾಗುವಷ್ಟು ಸವೆದ ನಾಣ್ಯದ ಬೆಲೆ ಒಂದು ಪಾಲಾದರೆ, ಕುಂದೇ ಇಲ್ಲದ ನಾಣ್ಯದ ಬೆಲೆ ಅದರ ಎಪ್ಪತ್ತು ಪಟ್ಟು ಎಂಬುದು ಲೆಕ್ಕ. ಬೆಲೆಯ ಲೆಕ್ಕ ಬಹಳ ಕಾಲ ಬಾಳಲಿಲ್ಲ, ಅಂಕಿಗಳು ಮಾತ್ರ ಉಳಿದುಕೊಂಡವು. ಚಲಾವಣೆಯಾಗದ ನಾಣ್ಯಗಳಿಗೆ ಆತ ಇಟ್ಟಿದ್ದದ್ದು 60, 65, 70 ಎಂಬ ಮೂರೇ ಮೆಟ್ಟಿಲು. ಇಂದು ಅದೇ ಜಾಗದಲ್ಲಿ ಹನ್ನೊಂದು ಮೆಟ್ಟಿಲುಗಳಿವೆ. (ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಒಳ್ಳೆಯ ಸೆಂಟ್‌ಗಳನ್ನು ಎತ್ತಿಕೊಂಡು ಅವುಗಳ ಜಾಗದಲ್ಲಿ ಕೀಳು ದರ್ಜೆಯವನ್ನು ಇಟ್ಟವನೂ ಇದೇ ಶೆಲ್ಡನ್. ದರ್ಜೆಯ ಭೇದ ಆತನಿಗೆ ಚೆನ್ನಾಗಿಯೇ ಗೊತ್ತಿತ್ತು.)

ಗ್ರೇಡಿಂಗ್ ಸಂಸ್ಥೆಗಳ ಪೈಕಿ ಪಿ.ಸಿ.ಜಿ.ಎಸ್. 1985ರಲ್ಲಿ, ಎನ್.ಜಿ.ಸಿ. 1987ರಲ್ಲಿ ಹುಟ್ಟಿದವು. ಇಂಥ ಸಂಸ್ಥೆಗಳ ಬಲವನ್ನು ನಾನು ಅಲ್ಲಗಳೆಯುವವನಲ್ಲ. ಒಂದೇ ನಾಣ್ಯವನ್ನು ಒಬ್ಬರಿಗಿಂತ ಹೆಚ್ಚು ಮಂದಿ, ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ತಿಳಿಯದಂತೆ ನೋಡುತ್ತಾರೆ. ಕಳುಹಿಸಿದವರು ಯಾರೆಂಬುದು ಅವರಿಗೆ ತಿಳಿದಿರುವುದಿಲ್ಲ. ನಾನು ಜನ್ಮವಿಡೀ ಕಾಣದಷ್ಟು ನಾಣ್ಯಗಳು ಅವರ ಮೇಜಿನ ಮೇಲೆ ಹಾದುಹೋಗುತ್ತವೆ. ಕೊಟ್ಟ ದರ್ಜೆಗೆ ಹಣದ ಹೊಣೆಯನ್ನೂ ಹೊರುತ್ತಾರೆ. ನಾನು 64 ಎಂದು ಹೇಳಿ ತಪ್ಪಿದರೆ ಕಳೆದುಕೊಳ್ಳುವುದು ಮರ್ಯಾದೆಯನ್ನಷ್ಟೇ. ಆದರೆ ಅವರಲ್ಲಿ ಒಂದು ನಾಣ್ಯಕ್ಕೆ ದಕ್ಕುವ ಸಮಯ ಸೆಕೆಂಡುಗಳ ಲೆಕ್ಕದ್ದು. ನಾನು ಒಂದು ಸಂಜೆಯನ್ನೇ ಕೊಡಬಲ್ಲೆ. ಒಂದೇ ಬಗೆಯ ನಾಣ್ಯಕ್ಕೆ ಬಾಳನ್ನೇ ಕೊಟ್ಟವರ ಕಣ್ಣು ಎಷ್ಟು ಬಿಗಿಯೆಂಬುದನ್ನು ನೋಡಬೇಕಾದರೆ 1967ರಿಂದ ನಡೆದುಬಂದಿರುವ ಅರ್ಲಿ ಅಮೆರಿಕನ್ ಕಾಪರ್ಸ್ ಎಂಬ ಸಂಗ್ರಾಹಕರ ಬಳಗವನ್ನು ನೋಡಿ. ಹಳೆಯ ತಾಮ್ರದ ನಾಣ್ಯಗಳಿಗೆ ಅವರು ಕೊಡುವ ದರ್ಜೆ ಸ್ಲ್ಯಾಬಿನ ಅಂಕಿಗಿಂತ ಕೆಳಗಿರುವುದೇ ಹೆಚ್ಚು, ಮತ್ತು ಆ ನಾಣ್ಯಗಳನ್ನು ಕೊಳ್ಳುವವರು ಅವರ ಮಾತನ್ನು ಕೇಳುತ್ತಾರೆ. ಇನ್ನು 2007ರಲ್ಲಿ ಶುರುವಾದ ಸಿ.ಎ.ಸಿ. ಎಂಬ ಸಂಸ್ಥೆ ಕಟ್ಟಿಕೊಂಡ ಕೆಲಸವೇ ಬೇರೆ ಸಂಸ್ಥೆಗಳು ದರ್ಜೆ ಕೊಟ್ಟ ನಾಣ್ಯಗಳನ್ನು ಮತ್ತೆ ನೋಡಿ, ಆ ದರ್ಜೆಗೆ ತಕ್ಕಂತಿದ್ದರೆ ಕವಚದ ಮೇಲೆ ಹಸಿರು ಚೀಟಿ ಅಂಟಿಸುವುದು. ಅಂಕಿಯೇ ಕೊನೆಯ ಮಾತಾಗಿದ್ದರೆ ಈ ಹಸಿರು ಚೀಟಿಗೆ ಏನು ಕೆಲಸ?

ಫೋಟೋ ಕಳುಹಿಸಿ ದರ್ಜೆ ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ನಾಣ್ಯವನ್ನು ತಿರುಗಿಸಿದಂತೆ ಗಾಡಿಯ ಚಕ್ರದ ಅರಗಳ ಹಾಗೆ ಸುತ್ತುವ ಟಂಕಸಾಲೆಯ ಹೊಳಪು ಅಲುಗದ ಚಿತ್ರದಲ್ಲಿ ಸತ್ತಿರುತ್ತದೆ.

ಕೈಯಲ್ಲಿದ್ದಾಗ ನೋಡಬೇಕಾದದ್ದೂ ಮೊದಲಿಗೆ ಅದನ್ನೇ. ನ್ಯೂ ಆರ್ಲಿಯನ್ಸ್ ಟಂಕಸಾಲೆಯ ಮಾರ್ಗನ್ ಡಾಲರ್‌ಗಳಲ್ಲಿ ಕಿವಿಯ ಮೇಲಿನ ಕೂದಲು ಎಷ್ಟೋ ಬಾರಿ ಹುಟ್ಟುವಾಗಲೇ ಚಪ್ಪಟೆ. ಅಚ್ಚಿನ ಏಟು ಸಾಲದೆ ಲೋಹ ಅಚ್ಚಿನ ಮೂಲೆಮೂಲೆಗೆ ತುಂಬಿರುವುದಿಲ್ಲ. ಹೊಸಬರು ಅದನ್ನು ಸವೆತವೆಂದು ತಿಳಿದು ಒಳ್ಳೆಯ ನಾಣ್ಯವನ್ನು ಕೈಬಿಡುತ್ತಾರೆ. ಗುರುತಿಸುವ ಬಗೆ ಸರಳ: ಚಪ್ಪಟೆಯಾದ ಜಾಗದಲ್ಲೂ ಹೊಳಪು ಕಡಿಯದೆ ಹರಿದರೆ ಅದು ಅಚ್ಚಿನ ದೋಷ, ಹೊಳಪು ಅಲ್ಲಿಗೆ ಬಂದು ನಿಂತು, ಜಾಗ ಮಂಕಾಗಿ ಬೂದುಬಣ್ಣಕ್ಕೆ ತಿರುಗಿದ್ದರೆ ಸವೆತ. ಇದನ್ನು ನಾನು ಎಷ್ಟೋ ಮಂದಿಗೆ ಕಲಿಸಿದ್ದೇನೆ.

ಹಾಗಾಗಿ ಜನ ನನ್ನನ್ನು ‘ಅವರಷ್ಟು ಬಲ್ಲಿರಾ’ ಎಂದು ಕೇಳುವ ಬದಲು ‘ನಿಮ್ಮದೇ ನಾಣ್ಯಕ್ಕೂ ಇದೇ ದರ್ಜೆ ಹೇಳುತ್ತಿದ್ದಿರಾ’ ಎಂದು ಕೇಳಬೇಕಿತ್ತು. ಯಾರೂ ಕೇಳಲಿಲ್ಲ, ಕೇಳಿದ್ದರೆ ನಾನು ಮಾತು ಬದಲಿಸುತ್ತಿದ್ದೆನೋ ಏನೋ. ಕೊಳ್ಳುವಾಗ ಗೀರು ಹುಡುಕುವ ಕಣ್ಣು, ಕೊಂಡ ಮೇಲೆ ಅದೇ ಗೀರಿಗೆ ಕಾರಣ ಹುಡುಕಲು ತೊಡಗುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಕಟ್ಟಿದವರು ನಾಣ್ಯ ಸಂಗ್ರಾಹಕರನ್ನು ಹತ್ತಿರದಿಂದ ಕಂಡಿರಬೇಕು.

ನನ್ನ ಬಳಿ ಹನ್ನೊಂದು ವರ್ಷಗಳಿಂದ ಒಂದು ನ್ಯೂ ಆರ್ಲಿಯನ್ಸ್ ಡಾಲರ್ ಇತ್ತು. ಅದು 64 ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಕಿವಿಯ ಮೇಲಿನ ಕೂದಲು ತುಸು ಚಪ್ಪಟೆಯಾಗಿತ್ತು, ನಿಜ. ಆ ಟಂಕಸಾಲೆಯ ನಾಣ್ಯವೆಂದರೆ ಹಾಗೆಯೇ ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದೆ. ಕೊನೆಗೆ ಅದನ್ನೂ ಕಳುಹಿಸಿದೆ. ಎ.ಯು. 58 ಎಂದು, ಅಂದರೆ ಚಲಾವಣೆಯಲ್ಲಿ ತುಸು ಸವೆದದ್ದೆಂದು ಮರಳಿತು. ದೀಪ ಹಚ್ಚಿ ವಾಲಿಸಿ ನೋಡಿದೆ. ಕಿವಿಯ ಮೇಲೆ ಬೆರಳ ತುದಿಗಿಂತಲೂ ಚಿಕ್ಕದಾದ ಒಂದು ಬೂದುಬಣ್ಣದ ಮಚ್ಚೆಯಿತ್ತು. ಹೊಳಪು ಅದರ ಅಂಚಿಗೆ ಬಂದು ನಿಲ್ಲುತ್ತಿತ್ತು. ಬೇರೆಯವರ ನಾಣ್ಯವಾಗಿದ್ದರೆ ಅರೆ ನಿಮಿಷದಲ್ಲಿ ಕಾಣುತ್ತಿತ್ತು.

ಅಂದಿನಿಂದ ಈವರೆಗೆ ಆ ಕವಚ ಒಡೆಯಲೆಂದು ಎರಡು ಬಾರಿ ಇಕ್ಕಳ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಿದ್ದೇನೆ. ಬೆಳಿಗ್ಗೆಯ ಬಿಸಿಲಿನಲ್ಲಿ ನೋಡಿದರೆ ಆ ಮಚ್ಚೆ ಅಷ್ಟೇನೂ ಬೂದಾಗಿ ಕಾಣುವುದಿಲ್ಲ.