ಟ್ವೀಡ್ ನದಿ ದಂಡೇಲಿ ಟರ್ನರ್‌ನ ನೀಲಿ ಕೋಟೆ

ಎಡಿನ್‌ಬರೋದಿಂದ ಟ್ರೈನಲ್ಲಿ ಬೆರಿಕ್‌ಗೆ ಮುಕ್ಕಾಲು ಗಂಟೆ, ಅಲ್ಲಿಂದ ಟ್ವೀಡ್ ನದಿ ಪಕ್ಕಾನೇ ಒಳಗೆ ಹೋದ್ರೆ ನಾರಮ್ ಅನ್ನೋ ಪುಟ್ಟ ಹಳ್ಳಿ. ಕೋಟೆ ಇರೋ ದಂಡೆ ಇಂಗ್ಲೆಂಡು, ಎದುರು ದಂಡೆ ಸ್ಕಾಟ್ಲೆಂಡು. 1121ರಲ್ಲಿ ಡರಮ್‌ನ ಬಿಷಪ್ ಶುರು ಮಾಡಿಸಿದ ಕೋಟೆ ಇದು, ಗಡೀಲಿ ಇದ್ದಿದ್ರಿಂದ ಮುತ್ತಿಗೆ ಮೇಲೆ ಮುತ್ತಿಗೆ, 1513ರಲ್ಲಿ ಸ್ಕಾಟ್ಲೆಂಡಿನ ರಾಜ ನಾಲ್ಕನೇ ಜೇಮ್ಸ್ ಫಿರಂಗಿ ಹೊಡೆದು ಗೆದ್ಕೊಂಡ, ಸ್ವಲ್ಪ ದಿನಕ್ಕೇ ಹತ್ತಿರದ ಫ್ಲಾಡೆನ್ ಯುದ್ಧದಲ್ಲಿ ಸತ್ತ.

ಆದ್ರೆ ನಾನು ಹೋಗಿದ್ದು ಯುದ್ಧದ ಕಥೆಗಲ್ಲ, ಇಂಗ್ಲೆಂಡಿನ ಚಿತ್ರಕಾರ ಟರ್ನರ್‌ಗೋಸ್ಕರ. 1797ರಲ್ಲಿ, 22ರ ಹುಡುಗ, ಇಲ್ಲಿ ಬಂದು ಪೆನ್ಸಿಲ್ ಸ್ಕೆಚ್ ಮಾಡ್ಕೊಂಡು ಹೋದ. ಮುಂದಿನ ವರ್ಷ ಲಂಡನ್‌ನ ರಾಯಲ್ ಅಕಾಡೆಮೀಲಿ ಇದೇ ಕೋಟೆಯ ಜಲವರ್ಣ ಚಿತ್ರ ಇಟ್ಟ, ಜನ ಮೆಚ್ಚಿದ್ರು, ಅಲ್ಲಿಂದ ಕೆಲಸಕ್ಕೆ ಬರವೇ ಬರಲಿಲ್ಲ. 1831ರಲ್ಲಿ ಈ ದಾರೀಲಿ ಹೋಗ್ವಾಗ ಕೋಟೆ ಕಡೆ ಟೋಪಿ ತೆಗೆದು ವಂದಿಸಿದ್ನಂತೆ. ನನಗಂತೂ ಅದು ತುಂಬಾ ಇಷ್ಟವಾದ ವಿಷಯ, ಅನ್ನ ಕೊಟ್ಟ ಜಾಗನ ಮರೀದೇ ಇರೋದು.

ಅವನ ಚಿತ್ರಗಳಲ್ಲಿ ಕೋಟೆ ನೀಲಿ. ಹತ್ತಿರ ಹೋಗಿ ನೋಡಿದ್ರೆ ಕಲ್ಲು ನಸುಗೆಂಪು, ಮರಳುಗಲ್ಲು, ಗೋಡೆ ಮೇಲೆ ಬೆರಳಾಡಿಸಿದ್ರೆ ಕಣ ಕಣ ಕೈಗೆ ಹತ್ತುತ್ತೆ. ಹಾಗಿದ್ರೆ ನೀಲಿ ಎಲ್ಲಿಂದ ಬಂತು? ಬೆಳಿಗ್ಗೆ ಸೂರ್ಯ ಹುಟ್ಟೋ ಮುಂಚೆ ಸೇತುವೆ ದಾಟಿ ಸ್ಕಾಟ್ಲೆಂಡ್ ಕಡೆ ದಂಡೇಲಿ ನಿಂತೆ. ಸೂರ್ಯ ಕೋಟೆ ಹಿಂದಿನಿಂದ ಬರ್ತಾನೆ, ನಮ್ಮ ಕಡೆ ಮುಖ ಪೂರಾ ನೆರಳು, ನದಿ ಮೇಲೆ ತೆಳ್ಳಗೆ ಮಂಜು, ಆ ನೆರಳಿಗೂ ಮಂಜಿಗೂ ನಡುವೆ ಕಲ್ಲಿನ ಕೆಂಪು ಮಾಯ ಆಗಿ ನಿಜವಾಗ್ಲೂ ನೀಲಿಯಾಗೇ ಕಾಣುತ್ತೆ! ಕೆಳಗೆ ನೀರಲ್ಲಿ ಅದರ ಪ್ರತಿಬಿಂಬ ಇನ್ನೂ ಗಾಢ. ಟರ್ನರ್ ಸೇರಿಸಿದ್ದಲ್ಲ, ಕಂಡಿದ್ದನ್ನೇ ಬರೆದಿದ್ದಾನೆ.

ಜಲವರ್ಣದಲ್ಲಿ ಬೆಳಕು ಅಂದ್ರೆ ಕಾಗದದ ಬಿಳುಪೇ, ಅದನ್ನ ಉಳಿಸ್ಕೋಬೇಕು. ಅವನು ಒದ್ದೆ ಬಣ್ಣನ ಒರೆಸಿ, ಕಾಗದ ಕೆರೆದು ಬೆಳಕನ್ನ ವಾಪಸ್ ತೆಗೀತಿದ್ದ. ಸುಮಾರು 1845ರಲ್ಲಿ, ಮುದುಕ ಆದ್ಮೇಲೆ, ಇದೇ ಕೋಟೇನ ಎಣ್ಣೆಬಣ್ಣದಲ್ಲಿ ಬರೆದಾಗ್ಲೂ ಬಣ್ಣ ನೀರಿನಷ್ಟೇ ತೆಳು, ಒಂದು ಹಸು, ನೀಲಿ ಮಸುಕು, ಹಳದಿ ಬೆಳಕು, ಅಷ್ಟೆ. ಅದು ಲಂಡನ್‌ನ ಟೇಟ್ ಕಲಾ ಗ್ಯಾಲರೀಲಿದೆ.

ಹೋಗೋರು ಹಿಂದಿನ ರಾತ್ರೀನೇ ನಾರಮ್‌ನಲ್ಲೋ ಬೆರಿಕ್‌ನಲ್ಲೋ ಉಳ್ಕೊಳ್ಳಿ, ಬೆಳಗಾದ್ಮೇಲೆ ಹೊರಟ್ರೆ ಕೋಟೆ ಆಗ್ಲೇ ಕೆಂಪಾಗಿರುತ್ತೆ.